ಬೀಟಲ್ಸ್ ಧ್ವನಿಮುದ್ರಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿವರ್‌ಪೂಲ್‌ನ ನಾಲ್ವರು ಹುಡುಗರ (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) ತಂಡದ ಬಗ್ಗೆ ಬರೆದದ್ದು ಲೆಕ್ಕವಿಲ್ಲದಷ್ಟಿದೆ. ಅದರಲ್ಲಿ ಬಹುಪಾಲು ಅವರ ಕೂದಲು, ಜಗಳ, ಮದುವೆಗಳ ಸುದ್ದಿ. ಇಲ್ಲಿರುವ ಪ್ರಶ್ನೆಗಳು ಅವರ ಧ್ವನಿಮುದ್ರಣಗಳಿಗೆ ಸಂಬಂಧಿಸಿದವು ಮಾತ್ರ. ಸ್ನೇಹಿತರು, ಓದುಗರು, ಸಂಗೀತ ಕಲಿಯುವ ಹುಡುಗರು ಮತ್ತೆ ಮತ್ತೆ ಕೇಳಿದವನ್ನು ಅವರವರ ಮಾತಿನಲ್ಲೇ ಉಳಿಸಿಕೊಂಡು, ಸುಲಭವಾದವನ್ನು ಮೊದಲು ಇಟ್ಟಿದ್ದೇನೆ.

## ಈಗಷ್ಟೇ ಕೇಳಲು ಕೂತವರಿಗೆ

ಬೀಟಲ್ಸ್ ಒಟ್ಟು ಎಷ್ಟು ಹಾಡು ಧ್ವನಿಮುದ್ರಿಸಿದ್ದಾರೆ?

1962ರಿಂದ 1970ರವರೆಗೆ ಅಧಿಕೃತವಾಗಿ ಹೊರಬಂದವು ಸುಮಾರು 210. ಎಲ್ಲವನ್ನೂ ಬಿಡುವಿಲ್ಲದೆ ಕೇಳಿದರೆ ಒಂದು ಹಗಲಿನಲ್ಲಿ ಮುಗಿದುಹೋಗುತ್ತವೆ. ಇವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೇರೆಯವರು ಬರೆದವು. ಮೊದಲ ಆಲ್ಬಮ್ಮಿನ ಹದಿನಾಲ್ಕರಲ್ಲೇ ಆರು ಅಂಥವು. ರೇಡಿಯೊ ಕಾರ್ಯಕ್ರಮ, ವೇದಿಕೆ ಕಛೇರಿ, ಕೈಬಿಟ್ಟ ಟೇಕ್‌ಗಳನ್ನೆಲ್ಲ ಸೇರಿಸಿದರೆ ಸಂಖ್ಯೆ ಎಲ್ಲಿಗೋ ಹೋಗುತ್ತದೆ. ಯಾರಾದರೂ ಮುನ್ನೂರು ಎಂದರೆ ಅವರ ಲೆಕ್ಕ ತಪ್ಪೆಂದು ವಾದಕ್ಕೆ ಇಳಿಯಬೇಡಿ, ಅವರ ಬುಟ್ಟಿಯಲ್ಲಿ ಏನೇನಿದೆ ಎಂದು ಕೇಳಿ.

ಈವರೆಗೆ ಒಂದನ್ನೂ ಸರಿಯಾಗಿ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

1966ರ 'ರಿವಾಲ್ವರ್'ನಿಂದ. ಹದಿನಾಲ್ಕು ಹಾಡು, ಮೂವತ್ತೈದು ನಿಮಿಷ. ಅದರಲ್ಲಿ ತಂತಿವಾದ್ಯಗಳ ಮೇಳವಿದೆ, ತಬಲಾ ಇದೆ, ತಾರಸ್ವರದ ಗಿಟಾರ್ ಇದೆ, ಮಕ್ಕಳ ಹಾಡೂ ಇದೆ. ಎಲ್ಲರೂ 'ಸಾರ್ಜೆಂಟ್ ಪೆಪ್ಪರ್' ಎನ್ನುತ್ತಾರೆ, ಆದರೆ ಅದರ ಕೀರ್ತಿಯ ಭಾರ ಹೊತ್ತು ಕೇಳಲು ಕೂತವರು ಅನೇಕ ಬಾರಿ ನಿರಾಶರಾಗಿ ಏಳುವುದನ್ನು ನೋಡಿದ್ದೇನೆ. ಅದು ಎರಡನೆಯ ವಾರಕ್ಕಿರಲಿ. ಆಯ್ದ ಹಿಟ್‌ಗಳ ಸಂಕಲನದಿಂದ ಶುರು ಮಾಡುವುದೂ ತಪ್ಪಲ್ಲ. ಒಂದೇ ತೊಂದರೆ ಏನೆಂದರೆ, ಅಲ್ಲಿ ಜಾರ್ಜ್ ಹ್ಯಾರಿಸನ್ ಅವರ ಹಾಡುಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ.

'ಹೇ ಜೂಡ್' ಯಾವ ಆಲ್ಬಮ್ಮಿನಲ್ಲಿದೆ? ಹುಡುಕಿ ಸಾಕಾಯಿತು.

ಅವರು ಬ್ರಿಟನ್ನಿನಲ್ಲಿ ಹೊರತಂದ ಯಾವ ಸ್ಟುಡಿಯೊ ಆಲ್ಬಮ್ಮಿನಲ್ಲೂ ಇಲ್ಲ. ಆಗ ಬ್ರಿಟನ್ನಿನಲ್ಲಿ ಎರಡು ಹಾಡಿನ ಚಿಕ್ಕ ಪ್ಲೇಟನ್ನು ಬೇರೆ, ದೊಡ್ಡ ಪ್ಲೇಟನ್ನು ಬೇರೆ ಎಂದೇ ನೋಡುತ್ತಿದ್ದರು. ಒಂದೇ ಹಾಡಿಗೆ ಕೇಳುಗನಿಂದ ಎರಡು ಬಾರಿ ದುಡ್ಡು ಕೀಳಬಾರದು ಎಂಬ ಮರ್ಯಾದೆಯೂ ಇತ್ತು. ಹಾಗಾಗಿ 'ಶಿ ಲವ್ಸ್ ಯು', 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್', 'ಪೇಪರ್‌ಬ್ಯಾಕ್ ರೈಟರ್' ಇವೆಲ್ಲ ಚಿಕ್ಕ ಪ್ಲೇಟಿನ ಮಕ್ಕಳು. 1988ರಲ್ಲಿ 'ಪಾಸ್ಟ್ ಮಾಸ್ಟರ್ಸ್' ಎಂಬ ಎರಡು ಸಂಪುಟಗಳಲ್ಲಿ ಇವನ್ನು ಒಟ್ಟುಗೂಡಿಸಿದರು. ಆ್ಯಪಿನಲ್ಲಿ ಅಲ್ಲೇ ಹುಡುಕಿ.

ಅಮೆರಿಕದಲ್ಲಿ ಕತೆ ಬೇರೆ. ಅಲ್ಲಿನ ಕ್ಯಾಪಿಟಲ್ ಕಂಪನಿ ಬ್ರಿಟಿಷ್ ಆಲ್ಬಮ್ಮುಗಳಿಂದ ಹಾಡುಗಳನ್ನು ಕಿತ್ತು, ಚಿಕ್ಕ ಪ್ಲೇಟಿನವನ್ನು ಸೇರಿಸಿ, ಬೇರೆ ಹೆಸರಿನ ಹೆಚ್ಚು ಆಲ್ಬಮ್ಮುಗಳನ್ನು ಮಾಡಿ ಮಾರಿತು. 1987ರಲ್ಲಿ ಸಿಡಿಗಳು ಬಂದಾಗ ಬ್ರಿಟಿಷ್ ಪಟ್ಟಿಯೇ ಎಲ್ಲೆಡೆ ಪ್ರಮಾಣವಾಯಿತು. ಅಮೆರಿಕದ ಆಲ್ಬಮ್ಮುಗಳ ಪೈಕಿ 'ಮ್ಯಾಜಿಕಲ್ ಮಿಸ್ಟರಿ ಟೂರ್' ಒಂದು ಮಾತ್ರ ಆ ಪಟ್ಟಿಗೆ ಸೇರಿತು.

ಎಲ್ಲ ಹಾಡಿಗೂ 'ಲೆನನ್–ಮೆಕಾರ್ಟ್ನಿ' ಎಂದೇ ಇದೆಯಲ್ಲ, ನಿಜಕ್ಕೂ ಇಬ್ಬರೂ ಕೂಡಿ ಬರೆದರೇ?

ಮೊದಮೊದಲು ಹೌದು, ಎದುರುಬದುರು ಗಿಟಾರ್ ಹಿಡಿದು ಕೂತೇ ಬರೆದರು. ಆಮೇಲೆ ಒಬ್ಬ ಬರೆದು ತಂದದ್ದನ್ನು ಇನ್ನೊಬ್ಬ ತಿದ್ದುವುದು ರೂಢಿಯಾಯಿತು. ಮುಖ್ಯ ದನಿ ಯಾರದೋ ಹಾಡು ಬಹುಮಟ್ಟಿಗೆ ಅವರದೇ. ಈ ಗುಟ್ಟು ಗೊತ್ತಿದ್ದರೆ ಹತ್ತರಲ್ಲಿ ಎಂಟು ಸಲ ಸರಿಯಾಗಿ ಊಹಿಸಬಹುದು. 'ವಿ ಕ್ಯಾನ್ ವರ್ಕ್ ಇಟ್ ಔಟ್' ಕೇಳಿ: ಪಾಲ್ ಮೆಕಾರ್ಟ್ನಿ ಅವರ ಆಶಾವಾದದ ಪಲ್ಲವಿ, ನಡುವೆ ಜಾನ್ ಲೆನನ್ ಅವರ ಮುನಿಸಿನ ಸಾಲುಗಳು. ಹೊಲಿಗೆ ಕಿವಿಗೇ ಗೊತ್ತಾಗುತ್ತದೆ. ಇವರಿಬ್ಬರ ನೆರಳಿನಲ್ಲಿ ಹ್ಯಾರಿಸನ್ ಇಪ್ಪತ್ತಕ್ಕೂ ಹೆಚ್ಚು ಹಾಡು ಬರೆದರು, ರಿಂಗೋ ಸ್ಟಾರ್ ಒಬ್ಬರೇ ಬರೆದವು ಎರಡು.

## ಸ್ಟುಡಿಯೊ ಒಳಗೆ

ಮೊದಲ ಆಲ್ಬಮ್ ಒಂದೇ ದಿನದಲ್ಲಿ ಮುಗಿಸಿದರಂತೆ, ನಂಬುವುದೇ?

ನಂಬಬಹುದು. 1963ರ ಫೆಬ್ರವರಿ 11ರಂದು ಲಂಡನ್ನಿನ ಆ್ಯಬಿ ರೋಡಿನಲ್ಲಿದ್ದ ಇಎಂಐ ಸ್ಟುಡಿಯೊದಲ್ಲಿ ಬೆಳಗ್ಗೆ ಶುರು ಮಾಡಿ ರಾತ್ರಿಯೊಳಗೆ ಹತ್ತು ಹಾಡು ಮುಗಿಸಿದರು. ಉಳಿದ ನಾಲ್ಕು ಮೊದಲೇ ಚಿಕ್ಕ ಪ್ಲೇಟುಗಳಲ್ಲಿ ಬಂದಿದ್ದವು. ಲೆನನ್‌ಗೆ ಆವತ್ತು ನೆಗಡಿ. ಗಂಟಲು ಹರಿಯುವ 'ಟ್ವಿಸ್ಟ್ ಆ್ಯಂಡ್ ಶೌಟ್' ಹಾಡನ್ನು ಬೇಕೆಂದೇ ಕೊನೆಗಿಟ್ಟಿದ್ದರು, ಅದನ್ನು ಹಾಡಿದ ಮೇಲೆ ದನಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೊದಲ ಪ್ರಯತ್ನವೇ ಪ್ಲೇಟಿಗೆ ಹೋಯಿತು. ಎರಡನೆಯದಕ್ಕೆ ಹೊರಟಾಗ ಗಂಟಲು ಮುಗಿದಿತ್ತು. ಆ ಹಾಡಿನ ಸೀಳುದನಿಯಲ್ಲಿ ನಟನೆ ಇಲ್ಲ.

'ಲವ್ ಮಿ ಡು'ವಿನಲ್ಲಿ ಡ್ರಮ್ ಬಾರಿಸಿದ್ದು ರಿಂಗೋ ಅಲ್ಲವಂತೆ?

ನೀವು ಕೇಳುತ್ತಿರುವುದು ಯಾವ ಮುದ್ರಿಕೆ ಎಂಬುದರ ಮೇಲೆ ಉತ್ತರ ನಿಂತಿದೆ. 1962ರ ಸೆಪ್ಟೆಂಬರ್ 4ರಂದು ರಿಂಗೋ ಬಾರಿಸಿದರು. ತೃಪ್ತಿಯಾಗದೆ ಒಂದು ವಾರದ ಬಳಿಕ ಆ್ಯಂಡಿ ವೈಟ್ ಎಂಬ ಸ್ಟುಡಿಯೊ ವಾದಕರನ್ನು ಕರೆಸಿ ಮತ್ತೆ ಧ್ವನಿಮುದ್ರಿಸಿದರು. ಪಾಪ, ರಿಂಗೋ ಕೈಗೆ ಟ್ಯಾಂಬರಿನ್ ಕೊಟ್ಟರು. ಅಕ್ಟೋಬರಿನಲ್ಲಿ ಹೊರಬಂದ ಮೊದಲ ಪ್ಲೇಟಿನಲ್ಲಿ ಇರುವುದು ರಿಂಗೋ, ಆಲ್ಬಮ್ಮಿನಲ್ಲಿ ಇರುವುದು ವೈಟ್. ಗುರುತು ಹಿಡಿಯುವುದು ಸುಲಭ: ಟ್ಯಾಂಬರಿನ್ನಿನ ಝಣಝಣ ಕೇಳಿಸಿದರೆ ಡ್ರಮ್ ಮುಂದೆ ಕೂತವರು ರಿಂಗೋ ಅಲ್ಲ.

ನಾಲ್ಕೇ ಟ್ರ್ಯಾಕ್ ಇದ್ದವಂತೆ. ಅಷ್ಟೆಲ್ಲ ವಾದ್ಯಗಳನ್ನು ಹೇಗೆ ತುಂಬಿದರು?

ಮೊದಲಿಗೆ ಇದ್ದದ್ದು ಎರಡೇ. 1963ರ ಅಕ್ಟೋಬರಿನಲ್ಲಿ ನಾಲ್ಕಾಯಿತು, 1968ರವರೆಗೂ ನಾಲ್ಕೇ ಇತ್ತು. ಟ್ರ್ಯಾಕ್ ಎಂದರೆ ಟೇಪಿನ ಅಗಲದಲ್ಲಿ ಒಂದು ಪಟ್ಟಿ. ಅದರಲ್ಲಿರುವುದನ್ನು ಉಳಿದದ್ದಕ್ಕೆ ತಾಗದಂತೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು, ಅಳಿಸಬಹುದು. ನಾಲ್ಕೂ ತುಂಬಿದ ಮೇಲೆ ಅವುಗಳನ್ನು ಬೆರೆಸಿ ಇನ್ನೊಂದು ಯಂತ್ರದ ಒಂದು ಅಥವಾ ಎರಡು ಟ್ರ್ಯಾಕಿಗೆ ಇಳಿಸುತ್ತಿದ್ದರು. ಆಗ ಮಿಕ್ಕವು ಖಾಲಿ ಸಿಗುತ್ತಿದ್ದವು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಪ್ರತಿ ಸಲವೂ ಸ್ವಲ್ಪ ಮಸುಕು, ಸ್ವಲ್ಪ ಗೊರಗೊರ ಸೇರುತ್ತಿತ್ತು.

ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಒಮ್ಮೆ ಬೆರೆಸಿ ಇಳಿಸಿದ ಮೇಲೆ ಡ್ರಮ್ ಜಾಸ್ತಿಯಾಯಿತು, ಬೇಸ್ ಕಡಿಮೆಯಾಯಿತು ಎಂದು ಆಮೇಲೆ ಹಲುಬಿ ಪ್ರಯೋಜನವಿರಲಿಲ್ಲ. ಆ ಕ್ಷಣದಲ್ಲೇ ನಿರ್ಧರಿಸಬೇಕಿತ್ತು. ಅವರ ಹಾಡುಗಳಲ್ಲಿ ಬೇಡದ್ದು ಒಂದೂ ಇಲ್ಲ ಎನಿಸುವುದಕ್ಕೆ ಪ್ರತಿಭೆಯಷ್ಟೇ ಈ ಬಡತನವೂ ಕಾರಣ ಎಂಬುದು ನನ್ನ ಪಟ್ಟು. ನೂರಾರು ಟ್ರ್ಯಾಕುಗಳ ಕಂಪ್ಯೂಟರ್ ಮುಂದೆ ಕೂತು 'ಆಮೇಲೆ ನೋಡೋಣ' ಎನ್ನುವ ಇಂದಿನವರಿಗೆ ಆ ಅದೃಷ್ಟವಿಲ್ಲ.

'ಟುಮಾರೋ ನೆವರ್ ನೋಸ್' ಇದರ ಪರಮಾವಧಿ. 1966ರ ಏಪ್ರಿಲ್‌ನಲ್ಲಿ, ಟೇಪಿನ ತುಂಡುಗಳ ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿ, ಕಟ್ಟಡದ ಬೇರೆ ಬೇರೆ ಕೋಣೆಗಳ ಯಂತ್ರಗಳಲ್ಲಿ ಓಡಿಸಿದರು. ಟೇಪು ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲ್ ತೂರಿಸಿ ಹಿಡಿದು ನಿಂತಿದ್ದರು. ಎಲ್ಲ ಸದ್ದುಗಳೂ ಒಟ್ಟಿಗೆ ಬೋರ್ಡಿಗೆ ಬರುತ್ತಿದ್ದವು. ಯಾವುದನ್ನು ಯಾವಾಗ ಏರಿಸಬೇಕೆಂದು ಅಲ್ಲೇ, ಆಗಲೇ ತೀರ್ಮಾನಿಸಿದರು. ಹಕ್ಕಿಯ ಕೂಗಿನಂತೆ ಕೇಳುವ ಆ ಸದ್ದು ಅದೇ ಜಾಗದಲ್ಲಿ ಬೀಳುವಂತೆ ಇನ್ನೊಮ್ಮೆ ಮಾಡಲು ಅವರಿಂದಲೂ ಆಗುತ್ತಿರಲಿಲ್ಲ.

ಜಾರ್ಜ್ ಮಾರ್ಟಿನ್ ಅವರನ್ನು 'ಐದನೆಯ ಬೀಟಲ್' ಎನ್ನುವುದು ಅತಿಯಾಯಿತಲ್ಲವೇ?

ಬಿರುದು ಹೇಗಾದರೂ ಇರಲಿ, ಕೆಲಸ ನೋಡಿ. ನಾಲ್ವರಿಗೂ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಅವರ ಧ್ವನಿಮುದ್ರಣಗಳ ನಿರ್ಮಾಪಕರಾಗಿದ್ದ, ಶಾಸ್ತ್ರೀಯ ಶಿಕ್ಷಣ ಪಡೆದ ಮಾರ್ಟಿನ್, ಅವರು ಗುನುಗಿದ್ದನ್ನು ವಾದ್ಯಗಾರರು ಓದಬಲ್ಲ ಹಾಳೆಗೆ ಇಳಿಸಿದರು. 'ಎಲಿನಾರ್ ರಿಗ್ಬಿ'ಯಲ್ಲಿ ಬೀಟಲ್ಸ್ ಪೈಕಿ ಯಾರೂ ವಾದ್ಯ ಮುಟ್ಟಿಲ್ಲ; ಇರುವುದು ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೊ. ಧ್ವನಿ ತಂತ್ರಜ್ಞ ಜೆಫ್ ಎಮೆರಿಕ್ ಮೈಕುಗಳನ್ನು ತಂತಿಗಳ ಹತ್ತಿರಕ್ಕೇ ಒಯ್ದಿಟ್ಟಾಗ ಕಲಾವಿದರು ಕಸಿವಿಸಿಗೊಂಡು ಕುರ್ಚಿ ಹಿಂದೆ ಸರಿಸುತ್ತಿದ್ದರು. ಕಮಾನು ತಂತಿಯನ್ನು ಕಚ್ಚುವ ಸದ್ದು ಆ ಹಾಡಿನಲ್ಲಿ ಅಷ್ಟು ಹರಿತವಾಗಿರುವುದು ಅದರಿಂದಲೇ.

'ಯೆಸ್ಟರ್‌ಡೇ'ಗೆ ತಂತಿವಾದ್ಯ ಸೇರಿಸೋಣ ಎಂದದ್ದೂ ಮಾರ್ಟಿನ್ ಅವರೇ. ಅಂದ ಹಾಗೆ, 1965ರ ಜೂನ್ 14ರಂದು ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು ಆ ಮೆಲುಹಾಡನ್ನು ಹಾಡುವ ಮೊದಲು, ಅದೇ ದಿನ, 'ಐ ಆ್ಯಮ್ ಡೌನ್' ಎಂಬ ಅರಚಾಟದ ಹಾಡನ್ನು ಮುಗಿಸಿದ್ದರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.

'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎರಡು ಹಾಡು ಅಂಟಿಸಿದ್ದಂತೆ. ಅಂಟು ಎಲ್ಲಿದೆ?

ಸುಮಾರು ಒಂದು ನಿಮಿಷದ ಹತ್ತಿರ. ಒಂದೇ ಹಾಡಿನ ಎರಡು ರೂಪಗಳವು. ಒಂದು ಹಗುರ, ತೇಲುವಂಥದ್ದು. ಇನ್ನೊಂದರಲ್ಲಿ ತುತ್ತೂರಿ, ಚೆಲ್ಲೊ, ಗದ್ದಲದ ತಾಳವಾದ್ಯ. ಲೆನನ್‌ಗೆ ಒಂದರ ಆರಂಭವೂ ಇನ್ನೊಂದರ ಮುಂದಿನ ಭಾಗವೂ ಇಷ್ಟವಾದವು. ಜೋಡಿಸಿ ಎಂದರು. ಶ್ರುತಿ ಬೇರೆ, ನಡೆ ಬೇರೆ ಎಂದು ಮಾರ್ಟಿನ್ ಹೇಳಿದಾಗ, ನೀವು ಏನಾದರೂ ಮಾಡುತ್ತೀರಿ ಎಂಬ ಧಾಟಿಯಲ್ಲಿ ಹೊರಟುಬಿಟ್ಟರು.

ಟೇಪಿನ ವೇಗ ಇಳಿಸಿದರೆ ನಡೆಯೂ ನಿಧಾನವಾಗುತ್ತದೆ, ಶ್ರುತಿಯೂ ಇಳಿಯುತ್ತದೆ. ಅದೃಷ್ಟಕ್ಕೆ ಎರಡನೆಯ ರೂಪ ಶ್ರುತಿಯಲ್ಲಿ ಮೇಲಿತ್ತು, ನಡೆಯಲ್ಲೂ ಚುರುಕಾಗಿತ್ತು. ಹಾಗಾಗಿ ವೇಗವೊಂದನ್ನು ಸರಿಪಡಿಸಿದ್ದರಿಂದ ಎರಡೂ ಹತ್ತಿರ ಬಂದವು. 1966ರ ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಎಮೆರಿಕ್ ಟೇಪು ಕತ್ತರಿಸಿ ಸೇರಿಸಿದರು. ಆ ಬಳಿಕ ಲೆನನ್ ದನಿ ಸ್ವಲ್ಪ ದಪ್ಪಗಾಗಿ, ನಿದ್ದೆಗಣ್ಣಿನ ಮಾತಿನಂತೆ ಕೇಳುವುದನ್ನು ಗಮನಿಸಿ. ಒಮ್ಮೆ ಅಂಟು ಸಿಕ್ಕಿತೆಂದರೆ ಮತ್ತೆಂದೂ ಅದನ್ನು ದಾಟಿ ಕೇಳಲಾಗುವುದಿಲ್ಲ. ಬೇಡವಾದವರು ಈ ಉತ್ತರವನ್ನು ಮರೆತುಬಿಡಿ.

'ಎ ಡೇ ಇನ್ ದ ಲೈಫ್'ನ ಕೊನೆಯ ಸ್ವರ ಅಷ್ಟು ಹೊತ್ತು ಹೇಗೆ ನಿಲ್ಲುತ್ತದೆ?

ಮೂರು ಪಿಯಾನೊಗಳ ಮೇಲೆ ಲೆನನ್, ಮೆಕಾರ್ಟ್ನಿ, ರಿಂಗೋ ಮತ್ತು ಅವರ ಸಹಾಯಕ ಮಾಲ್ ಇವಾನ್ಸ್ ಒಟ್ಟಿಗೆ ಒಂದು ಸ್ವರಮೇಳವನ್ನು ಗುದ್ದಿದರು. ಹಾರ್ಮೋನಿಯಮ್ಮನ್ನೂ ಸೇರಿಸಿದರು. ಸದ್ದು ಕುಂದುತ್ತಾ ಹೋದಂತೆ ತಂತ್ರಜ್ಞರು ಮೈಕಿನ ಮಟ್ಟವನ್ನು ಏರಿಸುತ್ತಾ ಹೋದರು. ನಲವತ್ತು ಸೆಕೆಂಡು ದಾಟಿದ ಮೇಲೂ ಅದು ಉಳಿದಿರುವುದು ಹಾಗೆ. ಕೊನೆಗೆ ಮಟ್ಟ ಎಷ್ಟು ಏರಿತ್ತೆಂದರೆ ಕುರ್ಚಿ ಕಿರುಗುಟ್ಟಿದ್ದೂ ದಾಖಲಾಗಿದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ.

ಅದಕ್ಕೂ ಮೊದಲು ಬರುವ ಏರಿಕೆಯ ಕತೆ ಇನ್ನೂ ಸೊಗಸು. ಲೆನನ್ ಅವರ ಭಾಗಕ್ಕೂ ಮೆಕಾರ್ಟ್ನಿ ಅವರ ಭಾಗಕ್ಕೂ ನಡುವೆ ಏನಿರಬೇಕೆಂದು ತೋಚದೆ ಇಪ್ಪತ್ತನಾಲ್ಕು ಬಾರ್ (ತಾಳದ ಆವರ್ತ) ಖಾಲಿ ಬಿಟ್ಟಿದ್ದರು. ಲೆಕ್ಕ ತಪ್ಪದಿರಲೆಂದು ಇವಾನ್ಸ್ ಗಟ್ಟಿಯಾಗಿ ಎಣಿಸಿ, ಕೊನೆಗೆ ಅಲಾರಂ ಗಡಿಯಾರ ಬಾರಿಸಿದರು. ಎಣಿಕೆಯ ಗುನುಗು ಇಂದಿಗೂ ಹಿನ್ನೆಲೆಯಲ್ಲಿದೆ. ಮುಂದಿನ ಸಾಲು ಬೆಳಗ್ಗೆ ಏಳುವುದರ ಕುರಿತೇ ಇದ್ದುದರಿಂದ ಅಲಾರಂ ಕೂಡ ಹಾಗೇ ಉಳಿಯಿತು. 1967ರ ಫೆಬ್ರವರಿ 10ರಂದು ನಲವತ್ತು ಮಂದಿಯ ವಾದ್ಯವೃಂದ ಬಂತು. ತಮ್ಮ ವಾದ್ಯದ ಅತಿ ತಗ್ಗಿನ ಸ್ವರದಿಂದ ಹೊರಟು ಮೇಲಕ್ಕೆ ಏರಬೇಕು, ಪಕ್ಕದವರನ್ನು ಅನುಸರಿಸಬಾರದು ಎಂಬುದು ಅವರಿಗೆ ಸಿಕ್ಕ ಸೂಚನೆ. ಒಟ್ಟಾಗಿ ನುಡಿಸುವುದನ್ನೇ ಜೀವನವಿಡೀ ಅಭ್ಯಾಸ ಮಾಡಿದವರು ಅವರು. ಬಿಗಿತ ಸಡಿಲಲೆಂದು ಅವರಿಗೆ ಗಮ್ಮತ್ತಿನ ಟೋಪಿ, ಹುಸಿ ಮೂಗುಗಳನ್ನೂ ಹಂಚಿದ್ದರು.

ಹಿಂದುಮುಂದಾಗಿ ಓಡಿಸಿದರೆ ಗುಪ್ತ ಸಂದೇಶ ಕೇಳುತ್ತದಂತೆ?

1966ರ 'ರೇನ್' ಹಾಡಿನ ಕೊನೆಯಲ್ಲಿ ಲೆನನ್ ದನಿಯನ್ನು ಬೇಕೆಂದೇ ತಿರುಗಿಸಿದ್ದಾರೆ, ಅದು ನಿಜ. ಮೆಕಾರ್ಟ್ನಿ ಸತ್ತಿದ್ದಾರೆ ಎಂಬ ಸಂದೇಶಗಳೆಲ್ಲ ಕೇಳುವವರ ಕಿವಿಯಲ್ಲಿವೆ. ಅವರು ಇನ್ನೂ ಹಾಡುತ್ತಿದ್ದಾರೆ.

## ಭಾರತದ ನಂಟು

ಬೀಟಲ್ಸ್ ಹಾಡು ಭಾರತದಲ್ಲಿ ಧ್ವನಿಮುದ್ರಣಗೊಂಡದ್ದು ಉಂಟೇ?

ಉಂಟು, ಒಂದು. 'ದ ಇನ್ನರ್ ಲೈಟ್'. 1968ರ ಜನವರಿಯಲ್ಲಿ ಹ್ಯಾರಿಸನ್ ಒಂದು ಚಿತ್ರದ ಹಿನ್ನೆಲೆ ಸಂಗೀತಕ್ಕಾಗಿ ಮುಂಬಯಿಯ ಎಚ್‌ಎಂವಿ ಸ್ಟುಡಿಯೊದಲ್ಲಿದ್ದರು. ಅಲ್ಲಿದ್ದದ್ದು ಎಲ್ಲ ಸದ್ದನ್ನೂ ಒಟ್ಟಿಗೆ ಒಂದೇ ಪಟ್ಟಿಯಲ್ಲಿ ಹಿಡಿಯುವ ಮೊನೊ ಯಂತ್ರ. ಕಂಪನಿಯ ಭಾಸ್ಕರ್ ಮೆನನ್ ಅವರು ಎಡ ಬಲ ಬೇರೆಯಾಗಿ ಹಿಡಿಯುವ ಸ್ಟೀರಿಯೊ ಯಂತ್ರವೊಂದನ್ನು ಕಲ್ಕತ್ತಾದಿಂದ ತರಿಸಿಕೊಟ್ಟರು. ಹೊರಗಿನ ವಾಹನಗಳ ಸದ್ದು ಒಳಗೆ ನುಸುಳುತ್ತಿತ್ತು. ಅಂಥಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಆಶಿಶ್ ಖಾನ್ ಅವರ ಸರೋದ್, ಶಹನಾಯಿ, ಹಾರ್ಮೋನಿಯಂ, ಪಖಾವಾಜ್ ಸೇರಿ ಈ ಹಾಡಿನ ವಾದ್ಯಭಾಗ ರೂಪುಗೊಂಡಿತು. ದನಿಯನ್ನು ಲಂಡನ್ನಿನಲ್ಲಿ ಸೇರಿಸಿದರು. 'ಲೇಡಿ ಮಡೋನಾ' ಪ್ಲೇಟಿನ ಹಿಂಬದಿಯಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಹೊರಬಂತು. ಬೀಟಲ್ಸ್‌ನ ಚಿಕ್ಕ ಪ್ಲೇಟಿನಲ್ಲಿ ಹ್ಯಾರಿಸನ್ ಹಾಡು ಬಂದದ್ದು ಅದೇ ಮೊದಲು. ಯೂರೋಪಿನ ಹೊರಗೆ ಧ್ವನಿಮುದ್ರಣಗೊಂಡ ಅವರ ಏಕೈಕ ಸ್ಟುಡಿಯೊ ಹಾಡು ಇದು.

ಧ್ಯಾನ ಕಲಿಯಲು ಅವರು ಹೋಗಿದ್ದ ರಿಷಿಕೇಶದ ಬಗ್ಗೆ ಕೇಳುವವರಿಗೆ: ಅಲ್ಲಿ ಬರೆದದ್ದು ಬಹಳ, ಸ್ಟುಡಿಯೊ ಕೆಲಸ ಯಾವುದೂ ನಡೆಯಲಿಲ್ಲ.

ಹ್ಯಾರಿಸನ್‌ಗೆ ಸಿತಾರ್ ತಂತಿ ಕೊಟ್ಟವರು ಕನ್ನಡದವರಂತೆ, ಹೌದೇ?

ಹೌದು. ಅಯನ ದೇವ ಅಂಗಡಿ, ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು. ಲಂಡನ್ನಿಗೆ ಹೋಗಿ ನೆಲೆಸಿ, ಪತ್ನಿ ಪೆಟ್ರೀಷಿಯಾ ಜೊತೆ ಏಷಿಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. 1965ರ ಅಕ್ಟೋಬರಿನಲ್ಲಿ 'ನಾರ್ವೇಜಿಯನ್ ವುಡ್' ಹಾಡಿನ ಕೆಲಸ ನಡೆಯುವಾಗ ಹ್ಯಾರಿಸನ್ ಸಿತಾರಿನ ತಂತಿ ಹರಿಯಿತು. ಲಂಡನ್ನಿನಲ್ಲಿ ಸಿತಾರ್ ತಂತಿಗೆ ಯಾರನ್ನು ಕೇಳುವುದು? ಮಾರ್ಟಿನ್ ಸೂಚನೆಯಂತೆ ಈ ಸಂಸ್ಥೆಗೆ ಫೋನು ಹೋಯಿತು, ಅಂಗಡಿಯವರಲ್ಲಿ ತಂತಿ ಇತ್ತು.

ಅಲ್ಲಿಂದ ಬೆಳೆದ ಪರಿಚಯ ದೂರ ಹೋಯಿತು. 'ಲವ್ ಯು ಟು' ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಬಂದದ್ದು ಅಂಗಡಿಯವರ ಮೂಲಕ. 1966ರ ಜೂನ್‌ನಲ್ಲಿ ರವಿಶಂಕರ್ ಅವರನ್ನು ಹ್ಯಾರಿಸನ್ ಮೊದಲ ಬಾರಿಗೆ ಭೇಟಿಯಾದದ್ದೂ ಅಂಗಡಿಯವರ ಮನೆಯಲ್ಲಿ. ಮರುವರ್ಷ 'ವಿದಿನ್ ಯು ವಿದೌಟ್ ಯು' ಹಾಡಿಗೆ ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದವರೂ ಸರ್ಕಲ್‌ನ ಬಳಗದವರೇ. ಭಾಗವತರ ಹೆಸರು 'ರಿವಾಲ್ವರ್' ಕವಚದ ಮೇಲೆ ಅಚ್ಚಾಯಿತು. 'ಪೆಪ್ಪರ್' ಕವಚದಲ್ಲಿ ನಿಂತ ಗಣ್ಯರ ಗುಂಪು ಎಷ್ಟು ದೊಡ್ಡದು, ಆದರೂ ಒಳಗೆ ನುಡಿಸಿದ ಈ ಕಲಾವಿದರ ಹೆಸರಿಗೆ ಅಲ್ಲಿ ಜಾಗ ಸಿಗಲಿಲ್ಲ.

## ಕಿವಿ ಪಳಗಿದವರಿಗೆ

ಒಂದು ಕಿವಿಯಲ್ಲಿ ದನಿ, ಇನ್ನೊಂದರಲ್ಲಿ ವಾದ್ಯ ಮಾತ್ರ. ನನ್ನ ಇಯರ್‌ಫೋನ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಮೊದಲ ಎರಡು ಆಲ್ಬಮ್ಮುಗಳಲ್ಲಿ ಎರಡು ಟ್ರ್ಯಾಕ್ ಇದ್ದದ್ದು ಒಂದರಲ್ಲಿ ವಾದ್ಯ, ಒಂದರಲ್ಲಿ ದನಿ ಇಟ್ಟು, ಆಮೇಲೆ ಸಮತೂಕದಲ್ಲಿ ಬೆರೆಸಿ ಮೊನೊ ಮಾಡಲಿಕ್ಕೆ. ಅವನ್ನೇ ಎಡಬಲ ಮಾಡಿ ಸ್ಟೀರಿಯೊ ಎಂದು ಕೊಟ್ಟರು. ಆಗ ಬ್ರಿಟನ್ನಿನ ಬಹುತೇಕ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪೆಟ್ಟಿಗೆ. ಹಾಗಾಗಿ 1967ರವರೆಗೂ ಬೀಟಲ್ಸ್ ಖುದ್ದು ಕೂತು ನೋಡಿಕೊಳ್ಳುತ್ತಿದ್ದುದು ಮೊನೊ ಮಿಶ್ರಣವನ್ನು. ಸ್ಟೀರಿಯೊ ಕೆಲಸವನ್ನು ಸಿಬ್ಬಂದಿ ಆಮೇಲೆ ಬೇಗ ಮುಗಿಸುತ್ತಿದ್ದರು.

ಇದರಿಂದ ಎರಡೂ ಮಿಶ್ರಣಗಳ ನಡುವೆ ನಿಜವಾದ ವ್ಯತ್ಯಾಸಗಳಿವೆ. 'ಶಿ ಈಸ್ ಲೀವಿಂಗ್ ಹೋಮ್' ಮೊನೊದಲ್ಲಿ ಚುರುಕು, ಶ್ರುತಿಯೂ ಮೇಲು, ಸ್ಟೀರಿಯೊದಲ್ಲಿ ಅಳುಮುಂಜಿ. ಬೆರಳಿಗೆ ಬೊಬ್ಬೆ ಬಂತೆಂದು ರಿಂಗೋ ಕೂಗುವುದು 'ಹೆಲ್ಟರ್ ಸ್ಕೆಲ್ಟರ್' ಸ್ಟೀರಿಯೊದಲ್ಲಿ ಮಾತ್ರ. 'ಐ ಆ್ಯಮ್ ದ ವಾಲ್ರಸ್' ಮೊನೊ ಮಿಶ್ರಣದ ವೇಳೆ ಬಿಬಿಸಿ ರೇಡಿಯೊದಲ್ಲಿ ಬರುತ್ತಿದ್ದ 'ಕಿಂಗ್ ಲಿಯರ್' ನಾಟಕವನ್ನು ನೇರವಾಗಿ ಬೆರೆಸಿಬಿಟ್ಟರು. ಅದನ್ನು ಬೇರ್ಪಡಿಸಲಾಗದೆ, ಸ್ಟೀರಿಯೊ ಪ್ಲೇಟಿನಲ್ಲಿ ಹಾಡು ಅರ್ಧದ ನಂತರ ಕೃತಕ ಸ್ಟೀರಿಯೊಗೆ ಜಾರಿತು. 'ಶಿ ಲವ್ಸ್ ಯು'ಗಂತೂ ಮೂಲ ಟೇಪೇ ಉಳಿದಿಲ್ಲ, 2023ರವರೆಗೂ ಮೊನೊ ಒಂದೇ ಗತಿಯಾಗಿತ್ತು. 1967ರವರೆಗಿನವನ್ನು ಮೊನೊದಲ್ಲಿ ಕೇಳಿ ಎಂಬುದು ನನ್ನ ಸಲಹೆ.

2009ರ ರೀಮಾಸ್ಟರ್, ಆಮೇಲಿನ ರೀಮಿಕ್ಸ್: ಯಾವುದು 'ಅಸಲಿ'?

ರೀಮಾಸ್ಟರ್ ಎಂದರೆ ಅಂದೇ ಬೆರೆಸಿಟ್ಟ ಮಿಶ್ರಣವನ್ನು ಶುಚಿ ಮಾಡಿದ್ದು. ರೀಮಿಕ್ಸ್ ಎಂದರೆ ಮೂಲ ಟ್ರ್ಯಾಕುಗಳಿಂದ ಹೊಸದಾಗಿ ಬೆರೆಸಿದ್ದು. 2017ರ 'ಪೆಪ್ಪರ್'ನಿಂದ ಮುಂದಕ್ಕೆ ಇದನ್ನು ಮಾಡುತ್ತಿರುವವರು ಮಾರ್ಟಿನ್ ಅವರ ಮಗ ಜೈಲ್ಸ್. 2022ರ 'ರಿವಾಲ್ವರ್'ಗೆ, ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದ ಡ್ರಮ್ ಮತ್ತು ಗಿಟಾರನ್ನು ಕಂಪ್ಯೂಟರಿಗೆ ಸದ್ದುಗಳನ್ನು ಗುರುತಿಸಲು ಕಲಿಸಿ ಬಿಡಿಸಿದರು. ಬೇಸ್ ಈಗ ಎದೆಗೆ ತಾಗುತ್ತದೆ, ಹೆಡ್‌ಫೋನಿಗೆ ಹಿತ. ಆದರೆ ಅಂದು ಬೆರೆಸಿ ಇಳಿಸಿದಾಗ ಮಾಡಿದ ಆಯ್ಕೆಗಳೂ ಆ ಕೃತಿಯ ಭಾಗ. ಮೊದಲು ಹಳೆಯದನ್ನು ಕೇಳಿ ಗಟ್ಟಿ ಮಾಡಿಕೊಂಡು ಆಮೇಲೆ ಹೊಸದಕ್ಕೆ ಹೋಗಿ.

ಅವರ ಕೊನೆಯ ಧ್ವನಿಮುದ್ರಣ ಯಾವುದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರೂ ಸರಿ. ಕೊನೆಗೆ ಹೊರಬಂದ ಆಲ್ಬಮ್ 1970ರ ಮೇ ತಿಂಗಳ 'ಲೆಟ್ ಇಟ್ ಬಿ'. ಆದರೆ ಅದರ ಬಹುಭಾಗ 1969ರ ಜನವರಿಯದು. ಮೂರು ಹಾಡುಗಳಂತೂ ಜನವರಿ 30ರಂದು ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿದ್ದ ತಮ್ಮ ಕಂಪನಿಯ ಕಟ್ಟಡದ ತಾರಸಿಯ ಮೇಲೆ ಚಳಿಗಾಳಿಯಲ್ಲಿ ಹಾಡಿದವು. ಅದಾದ ಮೇಲೆ ಕೂಡಿ ಮಾಡಿದ್ದು 'ಆ್ಯಬಿ ರೋಡ್'. ನಾಲ್ವರೂ ಒಟ್ಟಿಗೆ ಸ್ಟುಡಿಯೊದಲ್ಲಿ ಕೊನೆಯದಾಗಿ ಇದ್ದದ್ದು ಆ ಆಲ್ಬಮ್ಮಿಗಾಗಿ, 1969ರ ಆಗಸ್ಟ್ 20ರಂದು. 1970ರ ಜನವರಿಯಲ್ಲಿ ಲೆನನ್ ಇಲ್ಲದೆ ಮೂವರು 'ಐ ಮಿ ಮೈನ್' ಮಾಡಿದರು.

ಆಮೇಲೆ 2023ರ ನವೆಂಬರಿನಲ್ಲಿ 'ನೌ ಆ್ಯಂಡ್ ದೆನ್' ಬಂತು. ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯ ಪಿಯಾನೊ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡದು. 1995ರಲ್ಲಿ ಉಳಿದ ಮೂವರು ಯತ್ನಿಸಿ ಕೈಬಿಟ್ಟಿದ್ದರು; ಕ್ಯಾಸೆಟ್ಟಿನ ಗುಂಯ್‌ಗುಟ್ಟುವಿಕೆ ಮತ್ತು ಪಿಯಾನೊ ದನಿಯನ್ನು ನುಂಗಿದ್ದವು. ದನಿಯನ್ನು ಬಿಡಿಸುವ ತಂತ್ರ ಸಿಕ್ಕ ಮೇಲೆ, ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರನ್ನೂ ಸೇರಿಸಿ ಮೆಕಾರ್ಟ್ನಿ ಮತ್ತು ರಿಂಗೋ ಪೂರ್ಣಗೊಳಿಸಿದರು. ಕೆಲವರು ತಿಳಿದಂತೆ ಅದರಲ್ಲಿರುವುದು ಕಂಪ್ಯೂಟರ್ ಹುಟ್ಟಿಸಿದ ಲೆನನ್ ಅಲ್ಲ, ಲೆನನ್ ಅವರದೇ ಗಂಟಲು.

ಅರವತ್ತು ವರ್ಷ ಆಯಿತಲ್ಲ, ನನ್ನ ವಿಡಿಯೊಗೆ ಆ ಹಾಡನ್ನು ಹಾಕಿಕೊಳ್ಳಬಹುದೇ?

ಹಾಕಬೇಡಿ. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ, ಅದು ಸರಿ. ಆದರೆ ಪ್ಲೇಟಿನಲ್ಲಿರುವ ಧ್ವನಿ ಬೇರೆ, ಬರೆದ ಹಾಡು ಬೇರೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆ ಬಳಿಕ ಅರವತ್ತು ವರ್ಷ ಇರುತ್ತದೆ. ಇಬ್ಬರು ಕೂಡಿ ಬರೆದಿದ್ದರೆ ಕೊನೆಯವರ ಲೆಕ್ಕ. ಮೆಕಾರ್ಟ್ನಿ ಇನ್ನೂ ನಮ್ಮ ನಡುವೆ ಇದ್ದಾರೆ. ಸಾಲದೆಂಬಂತೆ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದು ಹೊಸ ಮಿಶ್ರಣಗಳು, ಅವಕ್ಕೆ ತಮ್ಮದೇ ಹೊಸ ಅವಧಿಯ ವಾದ ಬರುತ್ತದೆ. ನೀವೇ ಹಾಡಿದರೂ ಹಾಡಿನ ಹಕ್ಕುದಾರರಿಗೆ ಪಾಲು ಸಲ್ಲಬೇಕು.